ನಿಂತಿರುವ ಕಾಲು

ನಮ್ಮ ಕಡೆ ಸೊಂಟವೋ ಕತ್ತೋ ಉಳುಕಿದರೆ ಜನ ಮೊದಲು ಹುಡುಕುವುದು ಡಾಕ್ಟರನ್ನಲ್ಲ, ಕಾಲು ಮುಂದಾಗಿ ಹುಟ್ಟಿದವರನ್ನು. ತಾಯಿಯ ಹೊಟ್ಟೆಯಿಂದ ತಲೆಗಿಂತ ಮೊದಲು ಪಾದ ಹೊರಗಿಟ್ಟವರು ಉಳುಕಿದ ಜಾಗಕ್ಕೆ ಮೆಲ್ಲಗೆ ಕಾಲು ತಾಗಿಸಿದರೆ ನೋವು ಹೋಗುತ್ತದೆ ಎಂಬುದು ಅರಸೀಕೆರೆಯಿಂದ ಬೇಲೂರಿನವರೆಗೆ ಎಲ್ಲರ ನಂಬಿಕೆ. ಅಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಅರಸೀಕೆರೆಯಲ್ಲಿ ಅಂಥವರೊಬ್ಬರು ಮೂಳೆ ಡಾಕ್ಟರೂ ಆಗಿದ್ದರು.

ಹೋದ ತಿಂಗಳು ತೀರಿಕೊಂಡ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅರಸೀಕೆರೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಿದ್ದರು. ಮುಂದೆ ಹಳೇಬೀಡಿನ ತರುಣ ಸರ್ಜನ್ ಒಬ್ಬರು ಬಂದು ಸೇರಿ ಅವರ ಕೈಕೆಳಗೆ ಪಳಗಿದರು, ಆ ತರುಣ ಚಿಕ್ಕ ಡಾಕ್ಟ್ರು ಆದರು. ನಾನು ಬೇಲೂರಿನವಳು. ಆಪರೇಷನ್ನಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಹಳ್ಳಿಯವರ ಬಾಯಲ್ಲಿ ನಾನು ‘ಮತ್ತು ಬರ್ಸೋ ಡಾಕ್ಟ್ರಮ್ಮ’. ವಾರದಲ್ಲಿ ಕೆಲವು ದಿನ ಹಳೇಬೀಡು, ಬಾಣಾವರದ ಮೇಲೆ ಹಾದು ಅರಸೀಕೆರೆಗೆ ಬಂದು, ಅವರ ಆಪರೇಷನ್ ಕೋಣೆಯಲ್ಲಿ ರೋಗಿಯ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ರೋಗಿಯ ಎದೆಯ ಮೇಲೆ ಒಂದು ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ಆಚೆ ಸರ್ಜನ್ನರ ರಾಜ್ಯ, ಈಚೆ ನನ್ನದು. ಹಾಗಾಗಿ ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ನಾನು ಅವರನ್ನು ಬಲ್ಲದ್ದು ಹೆಚ್ಚಾಗಿ ಕಿವಿಯಿಂದ.

ಕಣ್ಣಿಗೆ ಬಿದ್ದಷ್ಟನ್ನು ಹೇಳುವುದಾದರೆ, ಎತ್ತರದ ಆಳು. ಮೇಜಿನ ಮೇಲೆ ಬಗ್ಗಿ ಬಗ್ಗಿ ಹೆಗಲು ಸ್ವಲ್ಪ ಮುಂದೆ ಬಂದಿತ್ತು. ಹಣೆಯ ವಿಭೂತಿ ಆಪರೇಷನ್ ಟೋಪಿಯ ಅಂಚಿಗೆ ಅಂಟಿ ಅಲ್ಲೊಂದು ಬಿಳಿ ಗೆರೆ ಖಾಯಂ ಇರುತ್ತಿತ್ತು. ಪಾದ ಮಾತ್ರ ನೋಡಿದವರು ಮರೆಯುವಂಥದ್ದಲ್ಲ. ಅಗಲವಾದ, ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಂಡ ಪಾದ. ಅಂಗಡಿಯ ಯಾವ ಶೂ ಕೂಡ ಅವರಿಗೆ ಹಿಡಿಯುತ್ತಿರಲಿಲ್ಲ, ಸಭೆ ಸಮಾರಂಭಕ್ಕೂ ಚಪ್ಪಲಿಯಲ್ಲೇ ಹೋಗುತ್ತಿದ್ದರು.

ಅವರದು ಕಣಕಟ್ಟೆ ಕಡೆಯ ತೆಂಗಿನ ತೋಟದ ಮನೆತನ. ಚಿಕ್ಕಂದಿನಲ್ಲಿ ಅವರ ಮನೆಯ ಜಗುಲಿ ಬೆಳಗಾದರೆ ಒಂದು ಆಸ್ಪತ್ರೆಯಂತೆ ಇರುತ್ತಿತ್ತಂತೆ. ಕಾಯಿ ಮೂಟೆ ಹೊತ್ತವರು, ರಾಗಿ ಕೊಯ್ದವರು, ಬಾವಿಯಿಂದ ಕೊಡ ಎತ್ತುವಾಗ ಸೊಂಟ ಹಿಡಿದುಕೊಂಡವರು ಸಾಲಾಗಿ ಕೂತಿರುತ್ತಿದ್ದರು. ಇನ್ನೂ ಕಣ್ಣುಜ್ಜುತ್ತಿದ್ದ ಮಗನನ್ನು ತಾಯಿ ಎತ್ತಿಕೊಂಡು ಬಂದು ಒಬ್ಬೊಬ್ಬರ ಬೆನ್ನಿಗೂ ಅವನ ಪಾದ ತಾಗಿಸುತ್ತಿದ್ದರು. ಅವನು ದೊಡ್ಡವನಾದ ಮೇಲೆ ತಾನೇ ನಿಂತು ತಾಗಿಸತೊಡಗಿದ. ದೊಡ್ಡವರಿಗೆ ಕಾಲು ತಾಗಿದರೆ ಪಾಪ ತಾನೇ, ಅದಕ್ಕೆ ತಾಗಿಸಿದ ಮೇಲೆ ಅವರ ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ತಾಯಿ ಕಲಿಸಿದ್ದರು. ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

‘ಕಾಲು ತಾಗಿಸೋದಷ್ಟೇ ನನ್ ಕೆಲ್ಸ ಮೇಡಂ. ವಾಸಿಯಾಯ್ತಾ ಅಂತ ನೋಡ್ತಿದ್ದಿದ್ದು ನಮ್ಮವ್ವ’ ಎಂದು ಅವರು ಹೇಳುತ್ತಿದ್ದರು. ‘ಜನ ಎದ್ದು ಹೊರಡೋಕೆ ಬಿಡ್ತಿರ್ಲಿಲ್ಲ ಅವಳು. ಎಲ್ಲಿ, ಬಗ್ಗು. ಈ ಕಡೆ ತಿರುಗು. ಅಳ್ಳಾಡ್ಸಿ ನೋಡು. ಸುಮ್ನೆ ನಿಂತಿದ್ರೆ ಎಲ್ಲಾರ ಸೊಂಟಾನೂ ಚೆನ್ನಾಗೇ ಇರ್ತದೆ ಅಂತಿದ್ಳು.’

ಡಾಕ್ಟರಾದ ಮೇಲೂ ಅವರು ಕಾಲು ತಾಗಿಸುವುದನ್ನು ಬಿಡಲಿಲ್ಲ. ಇದು ನನಗೆ ಮೊದಮೊದಲು ಸರಿಬೀಳುತ್ತಿರಲಿಲ್ಲ. ಎಂ.ಎಸ್. ಓದಿದವರು, ಹೊರಗೆ ಬೋರ್ಡಿನಲ್ಲಿ ಹೆಸರಿನ ಮುಂದೆ ಅಷ್ಟುದ್ದ ಡಿಗ್ರಿ ಇದೆ, ಒಳಗೆ ನೋಡಿದರೆ ಚಪ್ಪಲಿ ಬಿಟ್ಟು ಒಂಟಿ ಕಾಲಲ್ಲಿ ನಿಂತು ಹಳ್ಳಿಯ ಅಜ್ಜಿಯ ಸೊಂಟಕ್ಕೆ ಪಾದ ಊರುತ್ತಿದ್ದಾರೆ. ಕಣಕಟ್ಟೆಯ ಅಜ್ಜಿಯೊಬ್ಬಳು ಇದಕ್ಕಾಗಿಯೇ ಆಗಾಗ ಬರುತ್ತಿದ್ದಳು. ಒಮ್ಮೆ ಅವಳು ಕಾಲಿನ ಹರಡು, ಅಂದರೆ ಪಾದದ ಕೀಲು, ಊದಿಸಿಕೊಂಡು, ಮಗಳ ಹೆಗಲು ಹಿಡಿದು ಕುಂಟುತ್ತಾ ಬಂದಳು.

‘ಉಳುಕೈತೆ ಕಣಪ್ಪ. ಒಂದ್ ಸಲ ತುಳ್ದುಬುಡು, ಹೊತ್ತಾಯ್ತದೆ, ಬಸ್ಸಿಗೆ ಹೋಗ್ಬೇಕು.’

ಇವರು ಪಾದವನ್ನು ಗಾಳಿ ಸೋಕಿದ ಹಾಗೆ ತಾಗಿಸಿದರು. ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ನೆಲದ ಮೇಲೆ ಕೂತು ಹೆಬ್ಬೆರಳಿನಿಂದ ಮೂಳೆಯ ಮೇಲೆ ಒಂದು ಕಡೆ ಒತ್ತಿದರು. ಅಜ್ಜಿ ‘ಅಯ್ಯಪ್ಪ’ ಎಂದಳು.

‘ಅಜ್ಜಿ, ಉಳುಕು ಬಿಡ್ತು. ಈಗ ಒಂದು ಫೋಟೋ ತೆಗ್ಸಾಣ.’

ಫೋಟೋದಲ್ಲಿ ಮೂಳೆ ಬಿರುಕು ಬಿಟ್ಟಿತ್ತು. ಅಜ್ಜಿ ಜಗಳವಾಡದೆ ಸಿಮೆಂಟು ಪಟ್ಟಿ ಹಾಕಿಸಿಕೊಂಡು ಹೋದಳು. ನಾನು ಅವರನ್ನು ನೇರವಾಗಿ ಕೇಳಿದೆ, ‘ನೀವೇ ಇದನ್ನ ನಂಬ್ತೀರಾ ಸಾರ್?’

‘ನಾನೆಲ್ಲಿ ನಂಬ್ತೀನಿ, ಅವರು ನಂಬ್ತಾರೆ. ಕಾಲು ತಾಗಿಸಿದ್ರೆ ಆಮೇಲೆ ನಾನು ಹೇಳಿದ್ದು ಕೇಳ್ತಾರೆ. ಇಲ್ದಿದ್ರೆ ಸೀದಾ ಹೋಗಿ ಎಣ್ಣೆ ಹಚ್ಚಿ ನೀವಿಸ್ಕಂತಾರೆ, ಮುರಿದ ಮೂಳೆ ಮೇಲೆ. ನೀವು ಸೂಜಿ ಚುಚ್ಚೋ ಮುಂಚೆ ರೋಗಿ ಹತ್ರ ಊರು ಕೇರಿ ವಿಚಾರಿಸಲ್ವಾ? ಇದೂ ಹಂಗೇ.’

ಅದಾದ ಮೇಲೆ ಆ ಬಗ್ಗೆ ನಾನು ಕೇಳಲಿಲ್ಲ.

ಅವರಿಗೆ ಬಹಳ ಪ್ರಿಯವಾದ ಕೆಲಸವೆಂದರೆ ಈ ಹರಡಿನದು. ಬೆನ್ನು, ಸೊಂಟದ ಕೀಲು ಮುರಿದವರನ್ನು ದೊಡ್ಡ ಊರಿನ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ಹರಡು ಮುರಿದವರನ್ನು ಮಾತ್ರ ಎಲ್ಲಿಗೂ ಬಿಡುತ್ತಿರಲಿಲ್ಲ. ಮೊಣಕಾಲಿನಿಂದ ಕೆಳಗೆ ದಪ್ಪನೆಯದೊಂದು, ಸಣ್ಣದೊಂದು ಎರಡು ಮೂಳೆ ಇಳಿದು ಬಂದು ಪಾದದ ಮೂಳೆಯನ್ನು ಎರಡೂ ಕಡೆಯಿಂದ ತಬ್ಬಿಕೊಂಡಿರುತ್ತವೆ. ಆದರೆ ಮೂಳೆಗೆ ತಾನಾಗಿ ಹಿಡಿದುಕೊಳ್ಳುವ ಶಕ್ತಿಯಿಲ್ಲ. ಹಿಡಿದಿಡುವುದು ನಡುವೆ ಬಿಗಿದಿರುವ ಗಟ್ಟಿ ಪಟ್ಟಿಗಳು, ಲಿಗಮೆಂಟುಗಳು. ಮೂಳೆ ಮುರಿದರೆ ಎಕ್ಸ್‌ರೇನಲ್ಲಿ ಕಾಣುತ್ತದೆ, ಇವು ಹರಿದರೆ ಕಾಣುವುದಿಲ್ಲ. ಹಳ್ಳಿಯವರಿಗೆ ಇದನ್ನು ಹೇಳುವಾಗ ಅವರು ಲಿಗಮೆಂಟು ಎನ್ನುತ್ತಲೇ ಇರಲಿಲ್ಲ, ನಾರು ಎನ್ನುತ್ತಿದ್ದರು. ತೆಂಗಿನ ಸೀಮೆಯವರಿಗೆ ನಾರು ಎಂದರೆ ಏನು, ಅದು ಎಷ್ಟು ಗಟ್ಟಿ, ಹರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ‘ದೊಡ್ ಡಾಕ್ಟ್ರು ಕಾಲಿನ್ ನಾರು ಹೊಲ್ದವ್ರೆ’ ಎಂದು ಜನ ಬಸ್ಸಿನಲ್ಲಿ ಮಾತಾಡಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ಬಾಣಾವರದ ಒಬ್ಬ ಬಸ್ ಡ್ರೈವರ್ ಬಂದದ್ದು ನೆನಪಾಗುತ್ತದೆ. ಬೇರೆಲ್ಲೋ ಹರಡಿಗೆ ಪ್ಲೇಟು ಹಾಕಿಸಿಕೊಂಡಿದ್ದ. ಎಕ್ಸ್‌ರೇ ಹಿಡಿದು ನೋಡಿದರೆ ಮೂಳೆ ಚೆನ್ನಾಗಿ ಕೂಡಿಕೊಂಡಿತ್ತು, ತಪ್ಪು ಹುಡುಕುವಂತಿರಲಿಲ್ಲ. ಅವನ ಮುಖ ಮಾತ್ರ ಬಾಡಿಹೋಗಿತ್ತು.

‘ಬ್ರೇಕ್ ಮೇಲೆ ಕಾಲಿಟ್ರೆ ಒಳ್ಗೆ ಜಾರ್ದಂಗಾಯ್ತದೆ ಸಾ. ಎಲ್ಲಾ ಸರಿ ಐತೆ ಅಂತಾರೆ. ಮನೇಲಿ ನಾಟ್ಕ ಆಡ್ತಾವ್ನೆ ಅಂತಾರೆ, ಡಿಪೋದಲ್ಲೂ ಅದೇ ಮಾತು.’

ದೊಡ್ಡ ಡಾಕ್ಟ್ರು ಅವನನ್ನು ಎಬ್ಬಿಸಿ ಆ ಒಂದೇ ಕಾಲಿನ ಮೇಲೆ ನಿಲ್ಲಲು ಹೇಳಿದರು. ಅವನು ನಿಂತ. ಕಾಲು ಗಡಗಡ ಆಡಿತು, ಗಬಕ್ಕನೆ ಮೇಜು ಹಿಡಿದುಕೊಂಡ.

‘ನಾಟ್ಕ ಅಲ್ಲ ಕಣಯ್ಯ. ಮೂಳೆ ಕೂಡೈತೆ, ನಾರು ಹಂಗೇ ಬಿಟ್ಟೈತೆ.’

ಆ ಮಾತು ಕೇಳಿ ಆ ಗಟ್ಟಿಮುಟ್ಟು ಗಂಡಸು ಅತ್ತುಬಿಟ್ಟ. ಕಾಲು ಸರಿಯಾಗುವುದಕ್ಕಿಂತ ಮೊದಲು ಅವನಿಗೆ ಬೇಕಾಗಿದ್ದದ್ದು ತಾನು ಸುಳ್ಳುಗಾರನಲ್ಲ ಎಂಬ ಮಾತು. ಆಪರೇಷನ್ ಆಗಿ, ಕೆಲವು ತಿಂಗಳು ಕಳೆದು ಅವನು ಮತ್ತೆ ಸ್ಟೀರಿಂಗ್ ಹಿಡಿದ. ಆಮೇಲೆ ನಮ್ಮ ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ ಉದ್ದಕ್ಕೆ ಹಾರ್ನ್ ಹೊಡೆಯುವುದನ್ನು ರೂಢಿ ಮಾಡಿಕೊಂಡ. ‘ಆಸ್ಪತ್ರೆ, ಸದ್ದು ಮಾಡಬಾರ್ದು ಅಂತ ಬೋರ್ಡ್ ಹಾಕಿರೋದು ಇವನೊಬ್ಬನ ಕಣ್ಣಿಗೆ ಬೀಳಲ್ಲ ನೋಡಿ’ ಎಂದು ದೊಡ್ಡ ಡಾಕ್ಟ್ರು ಬೈಯುತ್ತಿದ್ದರು. ಯಾವತ್ತಾದರೂ ಹಾರ್ನ್ ಕೇಳಿಸದಿದ್ದರೆ ‘ಇವತ್ತು ಅವನು ರಜಾನೇನೋ’ ಎಂದು ಕೇಳುತ್ತಿದ್ದವರೂ ಅವರೇ.

ಆಪರೇಷನ್ ಕೋಣೆಯಲ್ಲಿ ನನಗೂ ಅವರಿಗೂ ದಿನವೂ ಒಂದೇ ಜಗಳ. ಮೂಳೆ ಜೋಡಿಸಿ, ಪ್ಲೇಟು ಕೂರಿಸಿ, ಸ್ಕ್ರೂ ಬಿಗಿದು ಆಯಿತು. ಪಕ್ಕದ ಟೀವಿಯಲ್ಲಿ ಎಕ್ಸ್‌ರೇ ಚಿತ್ರ ಬಂತು, ಪಾಠದ ಪುಸ್ತಕದಲ್ಲಿ ಇರುವಂತಿದೆ. ರಕ್ತ ತಡೆಯಲು ತೊಡೆಗೆ ಬಿಗಿದ ಪಟ್ಟಿಯನ್ನು ಬಹಳ ಹೊತ್ತು ಹಾಗೇ ಇಡುವಂತಿಲ್ಲ, ಸೊಂಟಕ್ಕೆ ನಾನು ಕೊಟ್ಟ ಇಂಜೆಕ್ಷನ್ನಿನ ಬಲವೂ ಇಳಿಯುತ್ತಾ ಬಂದಿದೆ. ಯಾರಾದರೂ ಹೊಲಿಗೆ ಹಾಕಿ ಮುಗಿಸುತ್ತಾರೆ. ಇವರು ಮಾತ್ರ ಕೈ ಚಾಚಿ ‘ಕೊಕ್ಕೆ ಕೊಡ್ರಮ್ಮ’ ಎನ್ನುತ್ತಿದ್ದರು. ಸಣ್ಣ ಮೂಳೆಗೆ ಕೊಕ್ಕೆ ಹಾಕಿ ಹೊರಕ್ಕೆ ಎಳೆಯುವುದು, ಪಾದ ಹಿಡಿದು ಹೊರಕ್ಕೆ ತಿರುಗಿಸುವುದು, ಎಳೆದಾಗ ಚಿತ್ರದಲ್ಲಿ ಎಲ್ಲಾದರೂ ಸಂದು ಬಾಯಿಬಿಡುತ್ತದೆಯೇ ಎಂದು ಇಣುಕುವುದು. ಬಾಯಿಬಿಟ್ಟರೆ ಮತ್ತೆ ಕೆಲಸ ಶುರು, ಹರಿದದ್ದನ್ನು ಹುಡುಕಿ ಹೊಲಿಯಬೇಕು.

‘ಚಿತ್ರ ಚೆನ್ನಾಗಿದೆಯಲ್ಲ ಸಾರ್, ಮುಗಿಸಿ’ ಎಂದು ನಾನು ಪರದೆಯ ಈಚೆಯಿಂದ ಗೊಣಗುತ್ತಿದ್ದೆ.

‘ಸುಮ್ನೆ ಮಲಗಿರೋ ಕಾಲು ಚೆನ್ನಾಗೇ ಇರ್ತದೆ ಮೇಡಂ.’

ಎಳೆದು, ತಿರುಗಿಸಿ, ಎಲ್ಲೂ ಸಂದು ಬಿಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಅವರ ಬಾಯಿಂದ ಒಂದೇ ಮಾತು ಬರುತ್ತಿತ್ತು. ‘ಕೂತ್ಕಂತು.’ ಆ ಮಾತು ಕೇಳಿದ ಮೇಲೆಯೇ ಸಿಸ್ಟರ್ ಹೊಲಿಗೆಯ ದಾರ ತೆಗೆಯುತ್ತಿದ್ದದ್ದು. ನನ್ನ ಪುಣ್ಯಕ್ಕೆ ಒಂದೊಂದು ದಿನ ಬೇಗ ಕೂತುಕೊಳ್ಳುತ್ತಿತ್ತು.

ಅವರ ಕಾಲೇ ಮುರಿದದ್ದು ಹಳೇಬೀಡಿನಲ್ಲಿ. ಒಂದು ಭಾನುವಾರ ಆಸ್ಪತ್ರೆಯವರೆಲ್ಲ ಸೇರಿ ಹೋಗಿದ್ದೆವು. ಚಿಕ್ಕ ಡಾಕ್ಟ್ರ ಮನೆಯಲ್ಲಿ ಊಟ, ಅದಕ್ಕೆ ಮುಂಚೆ ದೇವಸ್ಥಾನ. ಗೈಡ್ ಒಬ್ಬ ಹೊರಗೋಡೆಯ ಆನೆ ಸಾಲು ತೋರಿಸಿ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ನಿಲ್ಲಿಸಿದ್ದಾರೆ, ಇಷ್ಟು ಕಾಲವಾದರೂ ಒಂದು ಕೀಲೂ ಸಡಿಲವಾಗಿಲ್ಲ ಎಂದು ಹೇಳುತ್ತಿದ್ದ. ನಾನು ದೇವಸ್ಥಾನದ ಊರಲ್ಲೇ ಹುಟ್ಟಿದವಳು, ಇಂಥ ಮಾತು ಕೇಳಿದರೆ ಎದೆ ಉಬ್ಬುತ್ತದೆ. ‘ನೋಡಿ ಸಾರ್, ಜೋಡಣೆ ಅಂದ್ರೆ ಇದು. ನಮ್ಮವರು ಕೊಕ್ಕೆ ಹಾಕಿ ಎಳೆದು ನೋಡಿರಲಿಲ್ಲ’ ಎಂದು ಚುಚ್ಚಿದೆ.

ಅವರು ದೇವಸ್ಥಾನದ ಎತ್ತರದ ಜಗತಿಯ ಮೆಟ್ಟಿಲು ಇಳಿಯುತ್ತಿದ್ದವರು ನನ್ನ ಕಡೆ ತಿರುಗಿ, ‘ಕಲ್ಲು ನಡೆಯಲ್ಲ ಮೇಡಂ, ಅದಕ್ಕೇ ಸುಲಭ. ನಡೆಯೋದನ್ನ ಕೂರಿಸಿ ತೋರಿಸ್ಲಿ’ ಎನ್ನುತ್ತಲೇ ಮುಂದಿನ ಮೆಟ್ಟಿಲು ತಪ್ಪಿದರು.

ಎಡಗಾಲು ಒಳಕ್ಕೆ ಮಡಿಚಿಕೊಂಡು ಕೂತುಬಿಟ್ಟರು. ಎಲ್ಲರೂ ಓಡಿದೆವು. ಅಷ್ಟರಲ್ಲಿ ಅವರು ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಮೂಳೆ ಡಾಕ್ಟರು, ನೋವಿನಲ್ಲಿ ಹಲ್ಲು ಕಚ್ಚಿಕೊಂಡು, ತಮ್ಮ ಬಲಗಾಲನ್ನು ಎತ್ತಿ ಎಡಗಾಲಿನ ಹರಡಿಗೆ ಮೆಲ್ಲಗೆ ತಾಗಿಸಿಕೊಂಡರು. ಹೂ ಮಾರುತ್ತಿದ್ದ ಹೆಂಗಸೊಬ್ಬಳು ಗುಂಪಿನೊಳಗೆ ತಲೆ ಹಾಕಿ, ‘ಉಳುಕಿರ್ತೈತೆ ಬಿಡಿ. ಕಾಲ್ ಮುಂದಾಗಿ ಹುಟ್ಟಿರೋರ ತಾವ ಒಂದ್ ಸಲ ತುಳ್ಸಿ’ ಎಂದಳು.

‘ಆ ಪುಣ್ಯಾತ್ಮ ನಾನೇ ಕಣಮ್ಮ’ ಎಂದರು ದೊಡ್ಡ ಡಾಕ್ಟ್ರು. ‘ಸ್ವಂತಕ್ಕೆ ನಡೆಯಲ್ಲ ಅಂತ ಕಾಣ್ತದೆ.’

ಚಿಕ್ಕ ಡಾಕ್ಟ್ರು ಮಂಡಿಯೂರಿ ಕೂತು ಹೆಬ್ಬೆರಳಿಟ್ಟು ಒತ್ತಿ ನೋಡಿದರು. ಅವರ ಮುಖ ನೋಡಿ ನಮಗೆಲ್ಲ ಗೊತ್ತಾಯಿತು. ಊಟ ಮಾಡದೆ ಅರಸೀಕೆರೆಗೆ ಹಿಂದಿರುಗಿದೆವು.

ಎಕ್ಸ್‌ರೇನಲ್ಲಿ ಹೊರಗಿನ ಸಣ್ಣ ಮೂಳೆ ಮುರಿದಿತ್ತು. ಒಳಮಗ್ಗುಲಿನ ಮೂಳೆ ಗಟ್ಟಿಯಾಗಿತ್ತು. ದೊಡ್ಡ ಡಾಕ್ಟ್ರ ಹೆಂಡತಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕೆಂದಿತ್ತು. ‘ಇವ್ರಿಗೆ ನಿಂತ್ಕೊಂಡು ಆಪರೇಷನ್ ಮಾಡೋಕಾಗ್ದಿದ್ರೆ ಮನೇಲಿ ಇವ್ರನ್ನ ಹಿಡಿಯೋರ್ಯಾರು ಮೇಡಂ? ನೀವಾದ್ರೂ ಹೇಳಿ’ ಎಂದರು. ಅವರ ಆತಂಕ ನನ್ನದೂ ಆಗಿತ್ತು. ಹರಡು ಸರಿಯಾಗಿ ಕೂರದಿದ್ದರೆ ನಡೆಯಬಹುದು, ಕುರ್ಚಿಯಲ್ಲಿ ಕೂತು ರೋಗಿಗಳನ್ನು ನೋಡಬಹುದು. ಗಂಟೆಗಟ್ಟಲೆ ಮೇಜಿನ ಪಕ್ಕ ನಿಲ್ಲುವುದು ಮುಗಿದಂತೆ. ಬೆಂಗಳೂರಿಗೆ ಹೋಗುವುದೇ ಒಳ್ಳೆಯದು ಎಂದು ನಾನೂ ಹೇಳಿದೆ.

‘ನಾನೇ ಬೆಂಗಳೂರಿಗೆ ಹೋದ್ರೆ ನಾಳೆ ಕಣಕಟ್ಟೆಯೋರು ಇಲ್ಲಿಗ್ಯಾಕೆ ಬರ್ತಾರೆ?’ ಎಂದರು. ಆಮೇಲೆ ಚಿಕ್ಕ ಡಾಕ್ಟ್ರ ಕಡೆ ತಿರುಗಿ, ‘ನೀನು ಮಾಡಪ್ಪ. ಮೇಜಿನ ಮೇಲೆ ಮಲಗಿದ ಮೇಲೆ ನಾನು ಪೇಷಂಟು. ಒಂದು ಮಾತೂ ಆಡಲ್ಲ’ ಎಂದು ಮಾತು ಕೊಟ್ಟರು.

ಹೀಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ಪರದೆಯ ಈಚೆ, ನನ್ನ ರಾಜ್ಯಕ್ಕೆ ಬಂದರು. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟೆ. ನಿದ್ದೆ ಬರಿಸುವ ಮದ್ದು ಬೇಡವೇ ಬೇಡ ಎಂದರು. ಕಣ್ಣು ಬಿಟ್ಟುಕೊಂಡು ಛಾವಣಿ ನೋಡುತ್ತಾ ಮಲಗಿದರು. ಟೋಪಿಯಿಲ್ಲದ ಹಣೆಯಲ್ಲಿ ವಿಭೂತಿ ಅಚ್ಚುಕಟ್ಟಾಗಿತ್ತು. ಆಚೆ ಡ್ರಿಲ್ಲಿನ ಸದ್ದು, ಸ್ಕ್ರೂ ಅಳತೆಯ ಮಾತು ಕೇಳಿಸುತ್ತಿತ್ತು. ಅವರ ಕೆಲಸ ಇನ್ನೊಬ್ಬರ ಕೈಯಲ್ಲಿ, ಅವರದೇ ಕಾಲಿನ ಮೇಲೆ ನಡೆಯುತ್ತಿತ್ತು. ಕೊಟ್ಟ ಮಾತಿನಂತೆ ಅವರು ಬಾಯಿ ಬಿಡಲಿಲ್ಲ. ಒಂದೆರಡು ಸಲ ನಾಲಿಗೆಯವರೆಗೆ ಬಂದ ಮಾತನ್ನು ನುಂಗಿಕೊಂಡರು.

ಪ್ಲೇಟು ಕೂತಿತು. ಚಿತ್ರ ಬಂತು. ನನಗೆ ಕಾಣುವಂತೆ ತಿರುಗಿಸಿದ್ದ ಟೀವಿಯಲ್ಲಿ ಮೂಳೆ ಗೆರೆ ಎಳೆದಂತೆ ಜೋಡಿಕೊಂಡಿತ್ತು. ಆಚೆಯಿಂದ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ‘ದಾರ ಕೊಡಿ ಸಿಸ್ಟರ್’ ಎಂದರು ಚಿಕ್ಕ ಡಾಕ್ಟ್ರು.

ಕೊಕ್ಕೆಯ ಮಾತು ಬರಲಿಲ್ಲ. ಗುರುವಿನ ಕಾಲು, ಗುರು ಎಚ್ಚರವಾಗಿ ಮಲಗಿದ್ದಾರೆ, ಮುಗಿದರೆ ಸಾಕು ಎಂಬ ಆತುರ. ಚಿಕ್ಕ ಡಾಕ್ಟ್ರು ಗಾಬರಿಯಾಗಿದ್ದಾರೆಂದು ಧ್ವನಿಯಲ್ಲೇ ತಿಳಿಯುತ್ತಿತ್ತು. ಅವರಿಗೆ ಆ ಕ್ಷಣ ಅದು ಮರೆತೇ ಹೋಗಿತ್ತು. ನಾನು ದೊಡ್ಡ ಡಾಕ್ಟ್ರ ಮುಖ ನೋಡಿದೆ. ತುಟಿ ಬಿಗಿದಿದ್ದರು. ಸಲೈನ್ ಹಾಕಿದ್ದ ಕೈ ಹಲಗೆಯ ಮೇಲೆ ಚಾಚಿತ್ತು. ಅದರ ತೋರುಬೆರಳು ಮಾತ್ರ ಮಡಿಚಿಕೊಂಡು, ಗಾಳಿಯಲ್ಲಿ ಏನನ್ನೋ ತನ್ನ ಕಡೆ ಎಳೆಯುತ್ತಿತ್ತು. ನನಗೆ ಹೇಳಲೆಂದು ಮಾಡಿದರೋ, ಕೈ ತಾನಾಗಿ ಮಾಡಿತೋ ನನಗೆ ಗೊತ್ತಿಲ್ಲ. ಕೊಟ್ಟ ಮಾತನ್ನಂತೂ ಅವರು ಮುರಿಯಲಿಲ್ಲ.

‘ಡಾಕ್ಟ್ರೇ, ಎಳೆದು ನೋಡಿ’ ಎಂದೆ ನಾನು.

ಅಷ್ಟು ವರ್ಷ ಬೇಗ ಮುಗಿಸಿ ಎಂದು ಗೊಣಗಿದ್ದವಳ ಬಾಯಲ್ಲಿ ಈ ಮಾತು ಯಾರೂ ಕೇಳಿರಲಿಲ್ಲ.

‘ಮೇಡಂ, ಚಿತ್ರ ಪರ್ಫೆಕ್ಟಾಗಿದೆ…’

‘ಸುಮ್ಮನೆ ಮಲಗಿರೋ ಕಾಲು ಚೆನ್ನಾಗೇ ಇರುತ್ತೆ. ಅಲ್ಲಾಡಿಸಿ ನೋಡಿ.’

ದೊಡ್ಡ ಡಾಕ್ಟ್ರ ಎದೆ ಒಮ್ಮೆಗೇ ಕುಲುಕಾಡತೊಡಗಿತು. ನಾನು ಗಾಬರಿಯಾಗಿ ಮಾನಿಟರ್ ನೋಡಿದೆ. ಏನೂ ಆಗಿರಲಿಲ್ಲ, ಅವರು ಸದ್ದಿಲ್ಲದೆ ನಗುತ್ತಿದ್ದರು. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ‘ಸಾರ್, ದಯವಿಟ್ಟು ಅಲ್ಲಾಡಬೇಡಿ’ ಎಂದರು ಆಚೆಯಿಂದ ಚಿಕ್ಕ ಡಾಕ್ಟ್ರು. ಅದಕ್ಕೆ ಇನ್ನಷ್ಟು ನಕ್ಕರು.

ಕೊಕ್ಕೆ ಹಾಕಿ ಎಳೆದರು. ಚಿತ್ರದಲ್ಲಿ ಎರಡು ಮೂಳೆಗಳ ನಡುವೆ ಸಂದು ಬಾಯಿಬಿಟ್ಟಿತು. ಚಿಕ್ಕ ಡಾಕ್ಟ್ರ ಧ್ವನಿ ಆಗ ಬದಲಾಯಿತು, ಆತುರ ಹೋಗಿ ಕೆಲಸದ ಧ್ವನಿಯಾಯಿತು. ಎರಡು ಮೂಳೆಗಳನ್ನು ಸೇರಿಸಿ ಬಿಗಿದರು. ಈ ಸಲ ಪಾದ ಹಿಡಿದು ಹೊರಕ್ಕೆ ತಿರುಗಿಸಿದರು. ಒಳಮಗ್ಗುಲಲ್ಲಿ ಇನ್ನೂ ಸಂದು ತೆರೆಯುತ್ತಿತ್ತು. ಅಲ್ಲೂ ಕೊಯ್ದು ಬಿಡಿಸಿ ನೋಡಿದಾಗ, ಎಕ್ಸ್‌ರೇನಲ್ಲಿ ಗಟ್ಟಿಯಾಗಿ ಕಾಣುತ್ತಿದ್ದ ಮೂಳೆಯಿಂದ ನಾರು ಪೂರ್ತಿ ಕಿತ್ತು ಬಂದು ಮುದುರಿಕೊಂಡಿತ್ತು. ಅದನ್ನು ಎಳೆದು ತಂದು ಮೂಳೆಗೆ ಹೊಲಿದರು. ಹೊತ್ತು ಹಿಡಿಯಿತು. ನಾನು ಒಂದು ಸಲವೂ ಗಡಿಯಾರದ ಸುದ್ದಿ ಎತ್ತಲಿಲ್ಲ. ಕೊನೆಗೆ ಮತ್ತೆ ಕೊಕ್ಕೆ, ಮತ್ತೆ ತಿರುಗಿಸುವುದು. ಸಂದು ಬಿಡಲಿಲ್ಲ.

‘ಕೂತ್ಕಂತು ಸಾರ್’ ಎಂದು ಆಚೆಯಿಂದ ಬಂತು.

‘ನನ್ನೇನು ಕೇಳ್ತೀಯಪ್ಪ, ನಾನು ಪೇಷಂಟು’ ಎಂದು ದೊಡ್ಡ ಡಾಕ್ಟ್ರು ಕಣ್ಣು ಮುಚ್ಚಿಕೊಂಡರು.

ಗಾಯ ಮಾಯುವವರೆಗೆ ಕಾಲೂರದೆ, ಆಮೇಲೆ ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು ಅವರು ಆಸ್ಪತ್ರೆಗೆ ಬರತೊಡಗಿದರು. ಕುರ್ಚಿಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಮುರಿದ ಕೈಕಾಲಿನವರು ಎಂದಿನಂತೆ ಬಂದರು. ಉಳುಕಿನವರು ಮಾತ್ರ ಬರಲಿಲ್ಲ. ದೊಡ್ಡ ಡಾಕ್ಟ್ರ ಕಾಲಿಗೆ ಕಬ್ಬಿಣ ಸೇರಿಸಿದ್ದಾರಂತೆ, ಕಬ್ಬಿಣ ಸೇರಿದ ಮೈಯಲ್ಲಿ ಆ ಗುಣ ನಿಲ್ಲುವುದಿಲ್ಲವಂತೆ ಎಂಬ ಸುದ್ದಿ ತೋಟದಿಂದ ತೋಟಕ್ಕೆ ಹಬ್ಬಿತ್ತು. ಕಣಕಟ್ಟೆಯ ಅಜ್ಜಿ ಕೂಡ ಬರುವುದನ್ನು ನಿಲ್ಲಿಸಿದಳು. ತಮಗೆ ನಂಬಿಕೆಯಿಲ್ಲ ಎಂದವರಿಗೆ ಇದರಿಂದ ಏನೂ ಅನ್ನಿಸಬಾರದಾಗಿತ್ತು. ಆದರೆ ಅವರು ಮಂಕಾದರು. ಆಪರೇಷನ್ ಕೋಣೆಯ ಬಾಗಿಲವರೆಗೆ ಬಂದು, ಚಿಕ್ಕ ಡಾಕ್ಟ್ರು ಕೆಲಸ ಮಾಡುವುದನ್ನು ಗಾಜಿನಲ್ಲಿ ನೋಡಿ ಹಿಂದಿರುಗುತ್ತಿದ್ದರು. ‘ಬನ್ನಿ ಸಾರ್’ ಎಂದರೆ ‘ಇನ್ನೊಂದಿನ’ ಎನ್ನುತ್ತಿದ್ದರು. ಕೋಲು ಬಿಟ್ಟ ಮೇಲೂ ಈ ಇನ್ನೊಂದಿನ ಮುಗಿಯಲಿಲ್ಲ. ಹೊಲಿದ ಕಾಲನ್ನು ನಂಬಿ ನಿಲ್ಲಲು ಅವರಿಗೆ ಭಯವಿತ್ತು. ಬೇರೆಯವರ ಹರಡನ್ನು ಎಳೆದು ನೋಡಿದಷ್ಟು ಸುಲಭವಾಗಿ ತಮ್ಮದನ್ನು ನೋಡಲಾಗುವುದಿಲ್ಲ.

ಆ ದಿನಗಳಲ್ಲೇ ನನ್ನ ಬೆನ್ನು ಹಿಡಿದುಕೊಂಡಿತು. ಭಾರದ ರೋಗಿಯೊಬ್ಬರನ್ನು ಮಗ್ಗುಲಿಗೆ ತಿರುಗಿಸುವಾಗ ಛಕ್ಕೆಂದಿತು. ಮಾತ್ರೆ ನುಂಗಿ, ಗೋಡೆ ಹಿಡಿದು ನಡೆಯುತ್ತಿದ್ದವಳನ್ನು ದೊಡ್ಡ ಡಾಕ್ಟ್ರು ನೋಡಿದರು.

‘ಏನ್ ಮೇಡಂ, ಉಳುಕಾ?’

‘ಹೂಂ ಸಾರ್. ಕಾಲು ತಾಗಿಸ್ತೀರಾ?’

ತಮಾಷೆಗೆ ಕೇಳಿದೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಅವರ ಹೆಂಡತಿ ಊಟದ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು. ‘ಹೆಣ್ಣುಮಗಳು ಬಾಯ್ಬಿಟ್ಟು ಕೇಳ್ತಾವ್ಳೆ, ತಾಗಿಸ್ರೀ’ ಎಂದು ಗದರಿದರು.

ನಾನು ಗೋಡೆಯ ಕಡೆ ಮುಖ ಮಾಡಿ, ಅವರಿಗೆ ಬೆನ್ನು ಕೊಟ್ಟು ನಿಂತೆ. ಎದುರಿಗೆ ಆಪರೇಷನ್ ಸಾಮಾನಿಡುವ ಗಾಜಿನ ಬೀರು ಇತ್ತು. ಅದರಲ್ಲಿ ಅವರು ಕಾಣುತ್ತಿದ್ದರು. ಚಪ್ಪಲಿ ಬಿಟ್ಟರು. ಒಂದು ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ಬಲಗಾಲು ಮೇಲೆದ್ದಿತು. ಆಮೇಲೆ ಕುರ್ಚಿಯ ಮೇಲಿದ್ದ ಕೈಯನ್ನೂ ತೆಗೆದರು. ಅವರ ಇಡೀ ಭಾರ ಆ ಎಡಗಾಲಿನ ಮೇಲೆ, ಚಿಕ್ಕ ಡಾಕ್ಟ್ರು ಹೊಲಿದ ನಾರಿನ ಮೇಲೆ ನಿಂತಿತು. ಬೆನ್ನಿಗೆ ಅಗಲವಾದ ಬೆಚ್ಚನೆಯ ಪಾದ ತಾಗಿತು. ನಾನು ಗಾಜಿನಲ್ಲಿ ಎಡಗಾಲನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಬೆನ್ನಿಗೆ ತಾಗಿದ್ದ ಪಾದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇತ್ತು.

‘ಎಲ್ಲಾರೂ ತುಳಿಯೋ ಕಾಲು ನೋಡ್ತಾರೆ ಮೇಡಂ’ ಎಂದರು ಹಿಂದಿನಿಂದ. ‘ನಿಂತಿರೋ ಕಾಲು ಯಾರೂ ನೋಡಲ್ಲ.’

‘ನಾನು ಅದನ್ನೇ ನೋಡ್ತಿದ್ದೀನಿ ಸಾರ್.’

ಕಾಲಿಳಿಸಿ ನನ್ನ ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರಿಗಿಂತ ಎಷ್ಟೋ ಚಿಕ್ಕವಳು ನಾನು, ಆದರೂ ಬಿಡಲಿಲ್ಲ. ‘ಎಲ್ಲಿ, ಬಗ್ಗಿ. ಈ ಕಡೆ ತಿರುಗಿ’ ಎಂದರು. ನೋವು ಹೋಯಿತೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ, ಮಾತ್ರೆಯನ್ನೂ ನುಂಗಿದ್ದೆನಲ್ಲ. ಮಾರನೆಯ ದಿನ ಅವರು ಟೋಪಿ ಹಾಕಿಕೊಂಡು ಒಳಗೆ ಬಂದರು. ಕೈ ತೊಳೆದು ಮೇಜಿನ ಪಕ್ಕ ನಿಂತು ‘ಶುರು ಮಾಡಾಣ’ ಎಂದರು. ಆಮೇಲೆ ಬಹಳ ಕಾಲ ನಿಂತೇ ಕೆಲಸ ಮಾಡಿದರು. ಡಾಕ್ಟ್ರಮ್ಮನ ಬೆನ್ನು ವಾಸಿಯಾಯಿತಂತೆ ಎಂಬ ಸುದ್ದಿಯನ್ನು ಯಾರು ಹಬ್ಬಿಸಿದರೋ, ಉಳುಕಿನವರೂ ಹಿಂದಿರುಗಿದರು. ಕಬ್ಬಿಣದಿಂದ ಅವರ ಗುಣ ಹೆಚ್ಚೇ ಆಗಿದೆ ಎಂದು ಕಣಕಟ್ಟೆಯ ಅಜ್ಜಿ ತೀರ್ಮಾನ ಕೊಟ್ಟಳು.

ಹೋದ ತಿಂಗಳು ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವರು ಹಾಗೆಯೇ ಕುಸಿದರಂತೆ. ಎದೆಯ ತೊಂದರೆ. ನಮ್ಮಲ್ಲಿ ಯಾರಿಗೂ ಏನೂ ಮಾಡುವಷ್ಟು ಹೊತ್ತು ಸಿಗಲಿಲ್ಲ. ಅವರ ತೋಟದಲ್ಲೇ ಮಣ್ಣು ಮಾಡುವುದೆಂದಾಯಿತು. ಬಾಣಾವರದ ಡ್ರೈವರ್ ಬಂದಿದ್ದ, ಹೂ ಹಿಡಿದು ನಿಂತಿದ್ದ. ಅವರ ಪದ್ಧತಿಯಂತೆ ದೇಹವನ್ನು ಜಗುಲಿಯ ಮೇಲೆ ಪದ್ಮಾಸನ ಹಾಕಿಸಿ ಕೂರಿಸಿದ್ದರು. ಅವರು ಮಗುವಾಗಿದ್ದಾಗ ಊರವರೆಲ್ಲ ಸೊಂಟ ಹಿಡಿದು ಕೂರುತ್ತಿದ್ದ ಅದೇ ಜಗುಲಿ. ಮಠದ ಅಯ್ಯನವರು ಬಂದು ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು. ಅಷ್ಟು ಜನರಿಗೆ ಪಾದ ತಾಗಿಸಿದವರಿಗೆ ಇನ್ನೊಬ್ಬರ ಪಾದ ತಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೆ ಅಳು ತಡೆಯಲಾಗಲಿಲ್ಲ.

ಜನ ಸಾಲಾಗಿ ಬಂದು ಅವರ ಪಾದ ಮುಟ್ಟಿ ನಮಸ್ಕಾರ ಮಾಡಿ ಸರಿಯುತ್ತಿದ್ದರು. ಎಲ್ಲರೂ ಮುಟ್ಟುತ್ತಿದ್ದದ್ದು ಉಳುಕು ಬಿಡಿಸುತ್ತಿದ್ದ ಬಲಗಾಲನ್ನು. ಚಿಕ್ಕ ಡಾಕ್ಟ್ರು ನನ್ನ ಮುಂದಿದ್ದರು. ಅವರು ಬಗ್ಗಿ ಎಡಗಾಲನ್ನು ಮುಟ್ಟಿದರು. ಮಡಿಸಿ ಮೇಲೆ ಬಂದಿದ್ದ ಅದರ ಒಳಮಗ್ಗುಲಲ್ಲಿ ಹೊಲಿಗೆಯ ಗುರುತು ಕಾಣುತ್ತಿತ್ತು. ಅದರ ಮೇಲೆ ಹೆಬ್ಬೆರಳಿಟ್ಟು, ಹಳೇಬೀಡಿನ ಮೆಟ್ಟಿಲ ಮೇಲೆ ಒತ್ತಿದ ಹಾಗೆಯೇ ಮೆಲ್ಲಗೆ ಒತ್ತಿದರು. ತಿರುಗಿ ನನ್ನನ್ನು ನೋಡಿದರು, ಕಣ್ಣು ತುಂಬಿತ್ತು.

‘ಕೂತಿದೆ ಮೇಡಂ’ ಎಂದರು.

ನನ್ನ ಹಿಂದೆ ಕಣಕಟ್ಟೆಯ ಅಜ್ಜಿ ನಿಂತಿದ್ದಳು. ದೇಹ ಕೂರಿಸಿದ್ದನ್ನು ಹೇಳುತ್ತಿದ್ದಾರೆ ಎಂದುಕೊಂಡಿರಬೇಕು. ಸೆರಗಿನಿಂದ ಮೂಗು ಒರೆಸಿಕೊಂಡು, ‘ಹೂಂ ಕಣಪ್ಪ, ಚೆನ್ನಾಗ್ ಕೂತವ್ರೆ’ ಎಂದಳು.